ಮೊದಲು ಟೈರು, ಆಮೇಲೆ ಶೋಕಿ

ಹಳೇ ಸ್ಪೋರ್ಟ್ಸ್ ಕಾರು ಕೊಳ್ಳೋದು ಅಷ್ಟೇನೂ ಕಷ್ಟವಲ್ಲ. ಕೊಂಡಮೇಲೆ ಕೈಕಟ್ಟಿ ಕೂರೋದು ಕಷ್ಟ. ಇಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ನನ್ನ ಹತ್ತಿರ ಇರೋದು 1996ರ ಮಾಜ್ಡಾ ಮಿಯಾಟಾ. ಎರಡೇ ಸೀಟು, ಹಿಂದಕ್ಕೆ ಮಡಚುವ ಛಾವಣಿ, ಸುಮಾರು ಒಂದು ಟನ್ ತೂಕ. 1989ರ ಶಿಕಾಗೋ ಆಟೋ ಶೋದಲ್ಲಿ ಜನರ ಮುಂದೆ ಬಂದ ಈ ಮಾಡೆಲ್ಲಿಗೆ ಹೆಸರು ತಂದುಕೊಟ್ಟದ್ದು ಎಂಜಿನ್ನಿನ ಶಕ್ತಿಯಲ್ಲ, ತಿರುವುಗಳಲ್ಲಿ ಸಿಗೋ ಖುಷಿ. ಆ ಖುಷಿ ಕೂತಿರೋದು ಟೈರು ಮತ್ತು ಸಸ್ಪೆನ್ಷನ್ನಿನಲ್ಲಿ. ಮೊದಲು ಹಾಳಾಗೋದೂ ಅವೇ.

ಹೋದ ವರ್ಷ ನಮ್ಮ ಆಫೀಸಿನ ಶಿವಮೊಗ್ಗದ ಹುಡುಗನೊಬ್ಬ ಅಂಥದ್ದೇ ಕಾರು ತಗೊಂಡ. “ಅಣ್ಣ, 1,500 ಡಾಲರ್ ಎತ್ತಿಟ್ಟಿದೀನಿ. 17 ಇಂಚಿನ ವೀಲು ಹಾಕಿಸಿ, ಗಟ್ಟಿ ಸ್ಪ್ರಿಂಗು ಕೂರಿಸಿ, ಎರಡಿಂಚು ಕೆಳಗಿಳಿಸಿಬಿಡ್ಲಾ?” ಅಂದ.

ನಾನು ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಟೈರಿನ ಬದಿಯ ನಂಬರ್ ಓದಿದೆ. ಕೊನೇ ನಾಲ್ಕು ಅಂಕಿ 2314. ಅಂದರೆ 2014ರ 23ನೇ ವಾರದಲ್ಲಿ ತಯಾರಾದದ್ದು. ಹಳೇ ಮಾಲೀಕ ಹೆಚ್ಚು ಓಡಿಸಿರಲಿಲ್ಲ, ಗ್ರಿಪ್ಪು ಇನ್ನೂ ಆಳವಾಗೇ ಇತ್ತು. ಆದರೆ ರಬ್ಬರಿಗೆ ನಿಂತಲ್ಲೇ ವಯಸ್ಸಾಗುತ್ತೆ. ಉಗುರು ಒತ್ತಿದರೆ ಹಲಗೆ ಒತ್ತಿದ ಹಾಗಿತ್ತು. ಆರು ವರ್ಷವಾದ ಮೇಲೆ, ಗ್ರಿಪ್ಪು ಎಷ್ಟೇ ಉಳಿದಿರಲಿ, ಬದಲಿಸಿ ಅಂತ ಹಲವು ಕಾರು ಕಂಪನಿಗಳೇ ಹೇಳ್ತಾವೆ.

ಅವನ ಹೆಂಡತಿ ಓದ್ತಿರೋದು ಸ್ಯಾಂಟಾ ಕ್ರೂಜ್‌ನಲ್ಲಿ. ವಾರಕ್ಕೆರಡು ಸಲ ಹೈವೇ 17ರಲ್ಲಿ ಗುಡ್ಡ ದಾಟಿ ಅವಳನ್ನ ಕರ್ಕೊಂಡು ಬರ್ತಾನೆ. ಆ ರಸ್ತೆ ಬೇಸಿಗೆಯೆಲ್ಲ ಎಣ್ಣೆ, ಧೂಳು ಕುಡಿದಿರುತ್ತೆ; ಮೊದಲ ಮಳೆಗೆ ಸೋಪು ಹಚ್ಚಿದ ಹಾಗೆ ಜಾರುತ್ತೆ. ಆ ಹೊತ್ತಿನಲ್ಲಿ ಕಾರನ್ನು ರಸ್ತೆಗೆ ಹಿಡಿದಿಡೋದು ಅಂಗೈ ಅಗಲದ ನಾಲ್ಕು ರಬ್ಬರ್ ತುಂಡು, ಅಷ್ಟೇ. “ಮೇಲೆ ಥಳಕು, ಒಳಗೆ ಹುಳುಕು ಮಾಡ್ಕೋಬೇಡ ಕಣೋ. ಮೊದಲು ಟೈರು ನೋಡು,” ಅಂದೆ.

ಲೆಕ್ಕ ಹಾಕೋಕೆ ಕೂತೆವು. ಕಂಪನಿ ಕೊಟ್ಟ ಅಳತೆ 185/60 ಆರ್14. ಟೈರಿನ ಒಟ್ಟು ವ್ಯಾಸ ಹತ್ತಿರ ಹತ್ತಿರ 578 ಮಿಲಿಮೀಟರ್. 15 ಇಂಚಿನ ವೀಲಿಗೆ 195/50 ಹಾಕಿದರೆ 576. ಎರಡೇ ಮಿಲಿಮೀಟರ್ ವ್ಯತ್ಯಾಸ, ಸ್ಪೀಡೋಮೀಟರ್ ಸುಳ್ಳು ಹೇಳಲ್ಲ. ಸೆಕೆಂಡ್‌ಹ್ಯಾಂಡ್ 15 ಇಂಚಿನ ಅಲಾಯ್ ಅಗ್ಗಕ್ಕೆ ಸಿಕ್ಕಿದರೆ ಅದೂ ಒಳ್ಳೇದೇ, ಟೈರಿನ ಆಯ್ಕೆ ಹೆಚ್ಚು. 17 ಇಂಚು ಮಾತ್ರ ಬೇಡ. ವೀಲು ಭಾರ, ಟೈರು ಸಾಮಾನ್ಯವಾಗಿ ದುಬಾರಿ, ಗುಂಡಿ ಸಿಕ್ಕಿದರೆ ನೇರ ಬೆನ್ನಿಗೇ ಪೆಟ್ಟು. ಅವನು 14 ಇಂಚನ್ನೇ ಉಳಿಸ್ಕೊಂಡು ಹೊಸ ಆಲ್ ಸೀಸನ್ ಟೈರು ಹಾಕಿಸಿದ.

ಅಂಗಡಿಯವರು 35 ಪಿಎಸ್ಐ ಗಾಳಿ ತುಂಬಿ ಕಳಿಸಿದ್ರು. ಬಾಗಿಲ ಪಕ್ಕದ ಸ್ಟಿಕ್ಕರ್ ಹೇಳೋದು 26. ಇಷ್ಟು ಹಗುರ ಕಾರಿಗೆ 35 ತುಂಬಿದರೆ ಉಬ್ಬುತಗ್ಗಿನಲ್ಲಿ ಪುಟ್‌ಬಾಲ್ ಹಾಗೆ ಪುಟಿಯುತ್ತೆ. ಟೈರು ತಣ್ಣಗಿದ್ದಾಗ 26ಕ್ಕೆ ಇಳಿಸಿದೆವು. ಪೈಸೆ ಖರ್ಚಿಲ್ಲದ ರಿಪೇರಿ ಅಂದ್ರೆ ಇದು.

ಆಮೇಲೆ ಸಸ್ಪೆನ್ಷನ್ನು. ಕಾರಿನ ಒಂದು ಮೂಲೆ ಒತ್ತಿ ಬಿಟ್ಟರೆ ಮೇಲೆದ್ದು ನಿಂತುಬಿಡಬೇಕು; ಇದು ತೊಟ್ಟಿಲ ಹಾಗೆ ತೂಗ್ತಿತ್ತು. ಹಿಂದಿನ ಒಂದು ಶಾಕ್ ಅಬ್ಸಾರ್ಬರಿನಿಂದ ಎಣ್ಣೆ ಒಸರಿತ್ತು. ಈ ಕಾರಿನ ಸಸ್ಪೆನ್ಷನ್ನಿಗೆ ಮೇಲೆ ಕೆಳಗೆ ಆಡೋಕೆ ಜಾಗವೇ ಕಮ್ಮಿ. ಅಗ್ಗದ ಗಿಡ್ಡ ಸ್ಪ್ರಿಂಗು ಹಾಕಿ ಇಳಿಸಿದರೆ ಅದು ಇನ್ನೂ ಕಮ್ಮಿಯಾಗಿ, ತಿರುವಿನ ಮಧ್ಯೆ ಒಂದು ಉಬ್ಬು ಸಿಕ್ಕರೂ ಬಂಪ್ ಸ್ಟಾಪಿಗೆ ಬಡಿದು ಹಿಡಿತ ತಪ್ಪುತ್ತೆ. ನೋಡೋಕೆ ರೇಸ್ ಕಾರು, ಓಡಿಸೋಕೆ ಎತ್ತಿನಗಾಡಿ. ಅದಕ್ಕೇ ಸ್ಪ್ರಿಂಗು ಹಳೇವೇ ಇರಲಿ, ಶಾಕು ಹೊಸದು ಬರಲಿ ಅಂತ ತೀರ್ಮಾನ ಆಯ್ತು.

ಎರಡು ಶನಿವಾರ ನನ್ನ ಗ್ಯಾರೇಜಲ್ಲೇ ಕೆಲಸ. ಸ್ಪ್ರಿಂಗ್ ಒತ್ತಿ ಹಿಡಿಯೋ ಕಂಪ್ರೆಸರನ್ನ ಬಾಡಿಗೆಗೆ ತಂದೆವು. ಒತ್ತಿದ ಸ್ಪ್ರಿಂಗು ಜಾರಿದರೆ ಕೈ ಮುರಿಯೋದು ಗ್ಯಾರಂಟಿ, ಹಾಗಾಗಿ ಆತುರ ಮಾಡಲಿಲ್ಲ. ಬಂಪ್ ಸ್ಟಾಪು, ಸ್ಟೆಬಿಲೈಸರ್ ಬಾರಿನ ಬುಷ್ಷು, ಲಿಂಕುಗಳನ್ನೂ ಬದಲಿಸಿದೆವು. ಕೊನೆಗೆ ಅಲೈನ್‌ಮೆಂಟ್. ಮಿಯಾಟಾದಲ್ಲಿ ನಾಲ್ಕೂ ಚಕ್ರದ ಕೋನ ಹೊಂದಿಸಬಹುದು. ಅದನ್ನ ಬಿಟ್ಟರೆ ಹೊಸ ಟೈರು ಒಂದೇ ಅಂಚಿನಲ್ಲಿ ಸವೆದು, ಹಾಕಿದ ದುಡ್ಡು ರಸ್ತೆಪಾಲು.

ಟೈರು 440, ಶಾಕು 420, ಚಿಲ್ಲರೆ ಭಾಗಗಳು 190, ಅಲೈನ್‌ಮೆಂಟ್ 160. ಒಟ್ಟು 1,210 ಡಾಲರ್. ಮಿಕ್ಕ 290ನ್ನು ಮುಂದಿನ ಬುಷ್ಷುಗಳಿಗೆ ಇಟ್ಕೊಂಡಿದಾನೆ.

ಹಳೇ ಕಾರನ್ನ ಅಪ್‌ಗ್ರೇಡ್ ಮಾಡೋದು ಅಂದರೆ ಮುಕ್ಕಾಲು ಪಾಲು ಅದು ಕಳ್ಕೊಂಡದ್ದನ್ನ ವಾಪಸ್ ಕೊಡೋದು. ಅದಕ್ಕೆ ಬೇಕಾಗೋದು ದೊಡ್ಡ ದುಡ್ಡಲ್ಲ, ಯಾವುದು ಮೊದಲು ಅನ್ನೋ ಸರದಿ. ಅವನ ಕಾರಿಗೆ ಪಾರ್ಕಿಂಗಿನಲ್ಲಿ ಈಗಲೂ ಯಾರೂ ಫೋಟೋ ತೆಗೆಯಲ್ಲ. ಆದರೆ ನವೆಂಬರಿನ ಮೊದಲ ಮಳೆಯಲ್ಲಿ ಗುಡ್ಡ ಇಳೀತಾ ಇದ್ದಾಗ ಮುಂದಿದ್ದ ಲಾರಿ ಗಕ್ಕನೆ ನಿಂತಿತಂತೆ. ಇವರೂ ನಿಂತರಂತೆ, ಒಂದು ಕಾರಿನಷ್ಟು ಜಾಗ ಉಳಿಸಿಕೊಂಡು. ಆ ರಾತ್ರಿ ಫೋನ್ ಮಾಡಿದ್ದು ಅವನಲ್ಲ, ಅವನ ಹೆಂಡತಿ.