ತೊಟ್ಟೆಯೊಳಗಿನ ಗುಟ್ಟು

ನಮ್ಮ ಕಾಸರಗೋಡು ಜಿಲ್ಲೆಯಲ್ಲಿ 2011ರ ಜನಗಣತಿ ಪ್ರಕಾರ ಸುಮಾರು 13 ಲಕ್ಷ ಜನ. ಯುರೋಪಿನ ಎಸ್ಟೋನಿಯಾ ಎಂಬ ಇಡೀ ದೇಶದಲ್ಲೂ ಹೆಚ್ಚುಕಡಿಮೆ ಅಷ್ಟೇ ಜನ. ಆದರೆ ಅಲ್ಲಿಯವರು ತಮ್ಮ ಆರೋಗ್ಯದ ದಾಖಲೆಯನ್ನು ಯಾರು, ಯಾವಾಗ ತೆರೆದರು ಎಂದು ಮನೆಯಲ್ಲೇ ಕುಳಿತು ನೋಡಬಹುದು. ಅದರಲ್ಲಿ ಯಾರೂ ಗುಟ್ಟಾಗಿ ತಿದ್ದದ ಹಾಗೆ 2016ರ ಸುಮಾರಿಗೆ ಬ್ಲಾಕ್‌ಚೈನ್ ತಂತ್ರವನ್ನೂ ತಂದರು.

ನಮ್ಮಲ್ಲಿ ಉಪ್ಪಳದಿಂದ ಮಂಗಳೂರಿಗೆ ಬಸ್ಸು ಹತ್ತುವ ಉಮ್ಮಂದಿರ ಕೈಯಲ್ಲಿ ಜವಳಿ ಅಂಗಡಿಯ ಒಂದು ತೊಟ್ಟೆ ಉಂಟು. ಅದರಲ್ಲಿ ಎಕ್ಸ್‌ರೇ, ಸ್ಕ್ಯಾನ್, ಮದ್ದಿನ ಚೀಟಿ. ರೇಷನ್ ಕಾರ್ಡು ಕೇರಳದ್ದು, ಡಾಕ್ಟರು ಕರ್ನಾಟಕದವರು. 2020ರಲ್ಲಿ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ಇದರ ಕಷ್ಟ ಎಲ್ಲರಿಗೂ ಗೊತ್ತಾಯಿತು. ಹಾಗಾಗಿ ದಾಖಲೆ ಫೋನಿನಲ್ಲೇ ಗಡಿ ದಾಟಿದರೆ ಒಳ್ಳೆಯದೇ. ಆದರೆ ಅದು ಯಾರ ಒಪ್ಪಿಗೆಯಿಂದ ದಾಟಬೇಕು?

ನಮ್ಮ ಕುಟುಂಬದ ಒಬ್ಬಳು ಹುಡುಗಿಯ ರಕ್ತ ಪರೀಕ್ಷೆಯ ವಿಷಯ ಹೊರಗೆ ಬಿದ್ದು, ಮಾತಾಗಿದ್ದ ಸಂಬಂಧ ನಿಂತಿತು. ಅಂಥ ದೊಡ್ಡ ಕಾಯಿಲೆಯೇನಲ್ಲ, ದಿನಕ್ಕೊಂದು ಮಾತ್ರೆ. ಹೋಗಿ ಕೇಳಿದರೆ ಎಲ್ಲರೂ "ನಾವಲ್ಲ" ಎಂದರು. ಆ ರಿಪೋರ್ಟನ್ನು ಯಾರು ನೋಡಿದರು ಎಂದು ಬರೆದಿಟ್ಟ ಒಂದು ಗೆರೆಯೂ ಎಲ್ಲಿಯೂ ಇರಲಿಲ್ಲ. ನನಗೆ ಈಗಲೂ ಸಿಟ್ಟು ಬರುವುದು ಅದಕ್ಕೆ.

ಬ್ಲಾಕ್‌ಚೈನ್ ಎಂದರೆ ಬಿಟ್‌ಕಾಯಿನ್, ಜೂಜು ಎಂದು ಮೂಗು ಮುರಿಯುವವರು ಅಂಗಡಿಯ ಲೆಕ್ಕದ ಪುಸ್ತಕವನ್ನು ನೆನಪಿಸಿಕೊಳ್ಳಿ. ಉಪ್ಪ ಪ್ರತಿ ಪುಟದ ಮೊತ್ತವನ್ನು ಮುಂದಿನ ಪುಟದ ತಲೆಯಲ್ಲಿ ಬರೆಯುತ್ತಿದ್ದರು. ಹಳೆಯ ಪುಟದಲ್ಲಿ ಒಂದು ಸೊನ್ನೆ ಸೇರಿಸಿದರೂ ಮುಂದಿನ ಯಾವ ಪುಟವೂ ತಾಳೆಯಾಗದು. ತಪ್ಪಿದ್ದರೆ ಪುಟ ಹರಿಯುವಂತಿಲ್ಲ, ಕೆಳಗೆ ಹೊಸದಾಗಿ ಬರೆಯಬೇಕು. ಸಾಲದ ಗಿರಾಕಿಯ ಮನೆಯಲ್ಲೂ ಒಂದು ಸಣ್ಣ ಪುಸ್ತಕ, ಅದರಲ್ಲೂ ಅದೇ ಲೆಕ್ಕ. ಬ್ಲಾಕ್‌ಚೈನ್‌ನಲ್ಲಿ ಮೊತ್ತದ ಬದಲು ಹ್ಯಾಶ್ ಎಂಬ ಬೆರಳಚ್ಚಿನಂಥ ಸಂಖ್ಯೆ ಇರುತ್ತದೆ. ಒಂದೇ ಪುಸ್ತಕದ ಪ್ರತಿಗಳು ಹಲವರ ಬಳಿ ಇರುತ್ತವೆ.

ಆ ಪುಸ್ತಕದಲ್ಲಿ ರಿಪೋರ್ಟನ್ನೇ ಬರೆಯಬಾರದು. ಅಳಿಸಲಾಗದ ಕಡೆ ಕಾಯಿಲೆಯ ಹೆಸರು ಬರೆದರೆ ಮುಗಿಯಿತು, ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ರಿಪೋರ್ಟು ಆಸ್ಪತ್ರೆಯಲ್ಲೇ ಇರಲಿ. ಪುಸ್ತಕಕ್ಕೆ ಹೋಗಬೇಕಾದ್ದು ಇಂಥವರಿಗೆ, ಇಂಥ ಕೆಲಸಕ್ಕೆ, ಇಷ್ಟು ದಿನಕ್ಕೆ ಒಪ್ಪಿಗೆ ಕೊಟ್ಟಿದೆ, ಇಂಥ ದಿನ ಹಿಂದೆ ಪಡೆದಿದೆ, ಇಂಥವರು ತೆರೆದರು ಎಂಬುದು ಮಾತ್ರ. ಅದೂ ಹೆಸರಿಲ್ಲದೆ.

2021ರಲ್ಲಿ ದೇಶವ್ಯಾಪಿಯಾಗಿ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನ 14 ಅಂಕೆಯ ಆಭಾ ಸಂಖ್ಯೆಯಲ್ಲೂ ಈ ಒಪ್ಪಿಗೆಯ ಏರ್ಪಾಡು ಉಂಟು: ಯಾವ ಕೆಲಸಕ್ಕೆ, ಎಷ್ಟು ದಿನಕ್ಕೆ ಎಂದು ಕೇಳಬೇಕು, ಬೇಡವೆಂದರೆ ರದ್ದು ಮಾಡಬಹುದು. ಆಭಾ ಮಾಡಿಸುವುದು ಕಡ್ಡಾಯವೂ ಅಲ್ಲ. ಕೌಂಟರಿನಲ್ಲಿ "ಒಟಿಪಿ ಹೇಳಿ" ಎಂದಾಗ ಇದನ್ನು ಎಷ್ಟು ಜನ ನೆನಪಿಸಿಕೊಳ್ಳುತ್ತೇವೆ? ಕೋವಿಡ್ ಹೊತ್ತಿನಲ್ಲಿ ಕೇರಳ ಸರ್ಕಾರ ಜನರ ಮಾಹಿತಿಯನ್ನು ಸ್ಪ್ರಿಂಕ್ಲರ್ ಎಂಬ ಅಮೆರಿಕದ ಕಂಪನಿಗೆ ಕೊಟ್ಟ ಪ್ರಕರಣದಲ್ಲಿ, 2020ರ ಏಪ್ರಿಲ್‌ನಲ್ಲಿ ಹೈಕೋರ್ಟೇ ಹೇಳಬೇಕಾಯಿತು, ಗುರುತು ತೆಗೆದು ಕೊಡಿ, ಜನರ ಒಪ್ಪಿಗೆ ಪಡೆಯಿರಿ ಎಂದು.

ಯಂತ್ರ ಓದಿದವನಾಗಿ ಒಂದು ಮಾತು. ಬೀಗ ಎಷ್ಟೇ ಗಟ್ಟಿಯಾಗಿರಲಿ, ಪರದೆಯ ಫೋಟೋ ತೆಗೆದು ವಾಟ್ಸಾಪಿಗೆ ಹಾಕುವವನನ್ನು ಬ್ಲಾಕ್‌ಚೈನ್ ತಡೆಯದು. ಪರದೆ ತೆರೆದದ್ದು ಯಾರ ಹೆಸರಿನಲ್ಲಿ ಎಂದಷ್ಟೇ ಹೇಳೀತು. ನಮ್ಮ ಹುಡುಗಿಯ ವಿಷಯದಲ್ಲಿ ಅಷ್ಟಾದರೂ ಇದ್ದಿದ್ದರೆ!

ಇನ್ನೊಂದು ತೊಡಕು ನಮ್ಮ ಮನೆಗಳದ್ದೇ. ಉಮ್ಮನ ಕಾಯಿಲೆ, ಆದರೆ ಒಟಿಪಿ ಬರುವುದು ಮಗನ ಫೋನಿಗೆ. ಹೆಂಡತಿಯದ್ದು ದುಬಾಯಿಯಲ್ಲಿರುವ ಗಂಡನಿಗೆ. ಪುಸ್ತಕದಲ್ಲಿ "ರೋಗಿ ಒಪ್ಪಿದ್ದಾರೆ" ಎಂದು ಅಳಿಸಲಾಗದ ಹಾಗೆ ದಾಖಲಾಗುತ್ತದೆ, ರೋಗಿಗೆ ಮಾತ್ರ ವಿಷಯವೇ ಗೊತ್ತಿರುವುದಿಲ್ಲ. ಗಂಡಸರಾದ ನಮಗೆ ಇದು ತಪ್ಪು ಎಂದೂ ಅನಿಸುವುದಿಲ್ಲ.

ಉಮ್ಮನಿಗೆ ಬೇರೆ ಸಿಮ್ ತೆಗೆದುಕೊಟ್ಟಿದ್ದೇನೆ. ಅಕ್ಷರ ಸಣ್ಣದು, ಕನ್ನಡಕ ಬೇಕು. ಆದರೂ ಒತ್ತುವ ಮೊದಲು ಕೇಳುತ್ತಾರೆ, "ಇದು ಯಾರಿಗೆ ಮಗಾ, ಎಷ್ಟು ದಿನಕ್ಕೆ?"