ಬೆಳಗೊಳದಿಂದ ಕುರನೂರಕ್ಕೆ: ಟ್ರೇಲರಿನ ಎರಡು ಗಾಲಿಗಳು

ಕುರನೂರ ಎಂದೊಡನೆ ಓದುಗರಲ್ಲಿ ಹಲವರಿಗೆ ಬೋರಿ ಹೊಳೆಗೆ ಕಟ್ಟಿದ ಆಣೆಕಟ್ಟು ನೆನಪಾಗಬಹುದು. ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲೂಕಿಗೆ ಸೇರಿದ ಊರು ಇದು. ರಾಜ್ಯ ಮಹಾರಾಷ್ಟ್ರವಾದರೂ ನಮ್ಮಂಥ ಅನೇಕ ಮನೆಗಳಲ್ಲಿ ಆಡುವ ಮಾತು ಕನ್ನಡ, ಕಚೇರಿಯ ಕಾಗದ ಮರಾಠಿ, ಅಂಗಡಿಯ ಕೀರ್ದಿಯೂ ಮರಾಠಿಯಲ್ಲಿಯೇ. ಶ್ರವಣಬೆಳಗೊಳದಲ್ಲಿ ಗೊಮ್ಮಟಸ್ವಾಮಿಯ ಪಾದದ ಬದಿಯಲ್ಲಿ ಕನ್ನಡದ ಬರಹವೂ ಇದೆ, ಮರಾಠಿಯ ಬರಹವೂ ಇದೆ. ಗಡಿಯಲ್ಲಿ ಬಾಳುವ ನಮ್ಮಂಥವರು ಅಲ್ಲಿ ನಿಂತಾಗ ಎರಡೂ ಮನೆಯ ಮಾತೇ ಎನಿಸುತ್ತದೆ.

ಈಗ ಬರೆಯುತ್ತಿರುವುದು 2018ರ ಯಾತ್ರೆಯ ಸಂಗತಿ. ಆ ವರ್ಷ ಫೆಬ್ರವರಿಯಲ್ಲಿ ಮಹಾಮಸ್ತಕಾಭಿಷೇಕ ನಡೆಯಿತು. ಜನಸಂದಣಿ ಕಡಿಮೆಯಾಗಲಿ ಎಂದು ನಾವು ಮಾರ್ಚ್ ತಿಂಗಳಲ್ಲಿ ಹೊರಟೆವು. ಹನ್ನೆರಡು ವರ್ಷದ ಲೆಕ್ಕ ಹಿಡಿದರೆ ಮುಂದಿನದು 2030ಕ್ಕೆ ಬರುತ್ತದೆ. ನಮ್ಮ ಮನೆಯಲ್ಲಿ ಈಗಲೇ ಅದರ ಮಾತು ಶುರುವಾಗಿದೆ, ಸ್ವಂತ ವಾಹನದಲ್ಲಿ ಅಡಿಗೆ ಸಾಮಾನು ಕಟ್ಟಿಕೊಂಡು ಹೋಗುವ ವಿಚಾರವೂ ನಡೆದಿದೆ. ಆದ್ದರಿಂದ ಬೆಟ್ಟ, ಬಸದಿ, ದರ್ಶನಗಳ ವರ್ಣನೆಯನ್ನು ಬೇರೆಯವರಿಗೆ ಬಿಟ್ಟು, ನಾವು ಊರಿಗೆ ಮರಳಿದ ಹಾದಿಯ ಕಥೆಯನ್ನೇ ಹೇಳುತ್ತೇವೆ.

ಪರದೇಶಗಳಲ್ಲಿ ಮಂಚ, ಒಲೆ, ಸ್ನಾನದ ಕೋಣೆ ಎಲ್ಲ ಇರುವ ಮನೆಯನ್ನೇ ಕಾರಿನ ಹಿಂದೆ ಎಳೆದುಕೊಂಡು ಪ್ರವಾಸ ಮಾಡುವವರಿದ್ದಾರೆ. ನಮ್ಮದು ಅಂಥದ್ದಲ್ಲ. ಜೀಪಿಗೆ ಕಟ್ಟುವ ಎರಡು ಗಾಲಿಯ ಸಾದಾ ಟ್ರೇಲರ್. ಮೈಂದರ್ಗಿ, ದುಧನಿ ಸಂತೆಗಳಿಗೆ ಬಟ್ಟೆಯ ಗಂಟು ಒಯ್ಯಲು ಇಟ್ಟುಕೊಂಡದ್ದು. ಅದಕ್ಕೆ ತಾಡಪತ್ರಿ ಬಿಗಿದು, ಪಾತ್ರೆ, ಸ್ಟೋವ್, ಜೋಳದ ಹಿಟ್ಟು, ಬೇಳೆ, ಸೋಸಿದ ನೀರಿನ ಕ್ಯಾನು, ಹಾಸಿಗೆ ಇವನ್ನೆಲ್ಲ ತುಂಬಿದ್ದೆವು. ಎಂಟು ಜನ. ಗಾಡಿ ಓಡಿಸುವವನು ನಮ್ಮ ಅಕ್ಕನ ಮಗ. ಎಲ್ಲರಿಗಿಂತ ಹಿರಿಯಳು ಅಕ್ಕ, ಆಗ ಅವಳಿಗೆ 74 ವರ್ಷ. ರಾತ್ರಿಭೋಜನ ತ್ಯಾಗ ಅವಳಿಗೆ ಬಾಲ್ಯದಿಂದಲೂ ಇದೆ. ಅದರ ಮೇಲೆ ಈ ಯಾತ್ರೆ ಮುಗಿಸಿ ಊರು ಮುಟ್ಟುವವರೆಗೆ ಏಕಾಶನ ಎಂದು ನಿಯಮ ತೆಗೆದುಕೊಂಡಿದ್ದಳು. ದಿನಕ್ಕೆ ಒಂದೇ ಊಟ, ಅದೂ ಕುಳಿತಲ್ಲಿ ಒಮ್ಮೆ, ನಮ್ಮವರೇ ಸೋಸಿದ ನೀರಿನಲ್ಲಿ ಮಾಡಿದ್ದು. ಜೊತೆಗೆ ರಕ್ತದೊತ್ತಡದ ಗುಳಿಗೆ. ಡೋಲಿಯಲ್ಲಿ ಕುಳಿತು ದೊಡ್ಡ ಬೆಟ್ಟ ಹತ್ತಿ ದರ್ಶನ ಮಾಡಿ ಇಳಿದ ಮೇಲೆ ಅವಳ ಮುಖದಲ್ಲಿ ಕಂಡ ಸಮಾಧಾನವನ್ನು ಬರೆದು ತಿಳಿಸುವುದು ನಮ್ಮಿಂದಾಗದು.

ಭಾನುವಾರ ಬೆಳಗಿನ ಐದು ಗಂಟೆಗೆ ಬೆಳಗೊಳ ಬಿಟ್ಟೆವು. ಚನ್ನರಾಯಪಟ್ಟಣ, ತಿಪಟೂರು, ಹುಳಿಯಾರು, ಹಿರಿಯೂರು, ಚಿತ್ರದುರ್ಗ. ತಿಪಟೂರಿನಲ್ಲಿ ಕೊಬ್ಬರಿಯ ಧಾರಣೆ ಕೇಳದೆ ಮುಂದೆ ಹೋಗಲು ನಮ್ಮ ವ್ಯಾಪಾರಿ ಮನಸ್ಸು ಒಪ್ಪಲಿಲ್ಲ, ಚಹದ ಅಂಗಡಿಯವನನ್ನೇ ಕೇಳಿದೆವು! ಚಿತ್ರದುರ್ಗದಿಂದ ಉತ್ತರಕ್ಕೆ ಹೊರಡುವ ರಸ್ತೆ ಹಳಬರಿಗೆ ಸೊಲ್ಲಾಪುರ–ಮಂಗಳೂರು 13ನೇ ಹೆದ್ದಾರಿ ಎಂದೇ ಪರಿಚಯ. ಈಗ ವಿಜಯಪುರದವರೆಗೆ ಅದರ ಸಂಖ್ಯೆ 50, ಅಲ್ಲಿಂದ ಸೊಲ್ಲಾಪುರಕ್ಕೆ 52.

ಕಾನಾಹೊಸಹಳ್ಳಿ ದಾಟಿ ಕೂಡ್ಲಿಗಿ ಸಮೀಪಿಸುವಾಗ ಎದುರಿನಿಂದ ಬಂದ ಲಾರಿಯವನು ದೀಪ ಮಿಣುಕಿಸಿ ಕೈಮಾಡಿದ. ಹಿಂದಿದ್ದ ಮೋಟರ್ ಸೈಕಲ್ಲಿನವನೂ ಕೂಗಿದ. ಇಳಿದು ನೋಡಿದರೆ ಎಡಗಡೆಯ ಟೈರಿನ ಮೇಲಿನ ಪಟ್ಟಿ ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದು ಜೋತುಬಿದ್ದಿತ್ತು. ಎಳೆಯುವ ಗಾಡಿಯ ಗಾಲಿ ಕೆಟ್ಟರೆ ಸ್ಟೇರಿಂಗ್ ತಕ್ಷಣ ಹೇಳುತ್ತದೆ. ಹಿಂದೆ ಬರುವ ಟ್ರೇಲರಿನ ಗಾಲಿ ಕೆಟ್ಟರೆ ಓಡಿಸುವವನಿಗೆ ಗೊತ್ತೇ ಆಗುವುದಿಲ್ಲ, ದಾರಿಹೋಕರೇ ಹೇಳಬೇಕು.

ಇನ್ನೊಂದು ಸಂಗತಿ ಅಲ್ಲಿಯೇ ತಿಳಿಯಿತು. ಜೀಪಿನ ಜಾಕು ಟ್ರೇಲರಿಗೆ ಸರಿಹೊಂದಲಿಲ್ಲ. ಅಚ್ಚು ಎತ್ತರದಲ್ಲಿದೆ, ಜಾಕು ಗಿಡ್ಡ. ಹೊಲದ ಬದುವಿನಿಂದ ಚಪ್ಪಟೆ ಕಲ್ಲು ತಂದು ಅದರ ಮೇಲೆ ಜಾಕು ಇಟ್ಟು, ಇನ್ನೊಂದು ಗಾಲಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಟ್ರೇಲರನ್ನು ಜೀಪಿನಿಂದ ಬಿಚ್ಚದೆಯೇ ಎತ್ತಿದೆವು. ಬಿಚ್ಚಿದ್ದರೆ ಮೂತಿ ನೆಲಕ್ಕೆ ಕುಸಿದು ಜಾಕು ಜಾರುತ್ತಿತ್ತು. ಹೆಚ್ಚಿನ ಗಾಲಿ ಹಾಕಿ ಹೊಸಪೇಟೆ ಸೇರಿದಾಗ ಮಧ್ಯಾಹ್ನವಾಗಿತ್ತು. ಹೊಸ ಟೈರ್ ಕೊಳ್ಳೋಣವೆಂದು ಊರೆಲ್ಲ ಸುತ್ತಿದೆವು. ಭಾನುವಾರವಾದ್ದರಿಂದ ನಾವು ಹೋದ ಅಂಗಡಿಗಳೆಲ್ಲ ಮುಚ್ಚಿದ್ದವು. ಅಷ್ಟರಲ್ಲಿ ಒಂದು ತಾಸಿಗೂ ಹೆಚ್ಚು ಹೊತ್ತು ಹೋಯಿತು.

ನಾವೆಲ್ಲ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಅಕ್ಕ ಮಾತ್ರ, "ನಂದು ಒಂದ ಊಟ ಐತಿ, ಗಡಬಡಿಯೊಳಗ ಬ್ಯಾಡ. ವಿಜಾಪುರದಾಗ ಪಾರ್ಶ್ವನಾಥನ ದರ್ಶನ ಮಾಡಿ ಉಣ್ತೀನಿ," ಎಂದಳು. ವಿಜಯಪುರದ ಸಹಸ್ರಫಣಿ ಪಾರ್ಶ್ವನಾಥ ಅವಳ ತವರಿನಂಥ ಜಾಗ. ಹೊತ್ತು ಮುಳುಗುವುದರೊಳಗೆ ಮುಟ್ಟುತ್ತೇವೆ ಎಂಬ ಲೆಕ್ಕ ನಮ್ಮದೂ ಆಗಿತ್ತು.

ಕುಷ್ಟಗಿ ಕಳೆಯಿತು, ಇಳಕಲ್ಲು ಕಳೆಯಿತು. ಬಟ್ಟೆ ವ್ಯಾಪಾರಿಯಾಗಿ ಇಳಕಲ್ಲಿನಲ್ಲಿ ಸೀರೆಯ ಅಂಗಡಿ ಹೊಗದೆ ಬಂದದ್ದು ನಮ್ಮ ಜೀವನದಲ್ಲಿ ಅದೇ ಮೊದಲು. ಹುನಗುಂದ ದಾಟಿ ನಿಡಗುಂದಿಯ ಕಡೆ ಬರುವಾಗ ಪಟಾಕಿ ಸಿಡಿದಂಥ ಸದ್ದು. ಟ್ರೇಲರಿನ ಬಾಲ ಎರಡು ಸಲ ಆ ಕಡೆ ಈ ಕಡೆ ಬೀಸಿತು. ಅಳಿಯ ಬ್ರೇಕ್ ಒತ್ತದೆ, ಸ್ಟೇರಿಂಗ್ ಗಟ್ಟಿ ಹಿಡಿದು, ಗಾಡಿ ತಾನಾಗಿಯೇ ನಿಧಾನವಾಗಲು ಬಿಟ್ಟು ಬದಿಗೆ ತಂದ. ಆಗ ಒಮ್ಮೆಲೇ ಬ್ರೇಕ್ ಒತ್ತಿದ್ದರೆ ಟ್ರೇಲರ್ ಜೀಪನ್ನು ತಿರುಗಿಸಿ ಹಾಕುತ್ತಿತ್ತು. ನಮ್ಮ ಹಿಂದೆಯೇ ಕಬ್ಬಿಣದ ಸರಳು ಹೇರಿದ ದೊಡ್ಡ ಲಾರಿ ಬರುತ್ತಿತ್ತು. ಅದು ನಮ್ಮನ್ನು ಉಜ್ಜಿದಂತೆ ದಾಟಿ ಹೋದ ಮೇಲೂ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಮಕ್ಕಳಲ್ಲಿ ಒಬ್ಬಳು ಸಣ್ಣ ದನಿಯಲ್ಲಿ ಣಮೋಕಾರ ಹೇಳುತ್ತಿದ್ದಳು.

ಈ ಸಲ ಬಲಗಡೆಯದು. ಇದ್ದ ಒಂದು ಹೆಚ್ಚಿನ ಗಾಲಿ ಆಗಲೇ ಎಡಕ್ಕೆ ಹೋಗಿತ್ತು. ಐದು ಗಂಟೆಗೆ ಹತ್ತು ನಿಮಿಷವಿತ್ತು. ಮಾರ್ಚಿನ ಸೂರ್ಯ ಆರೂವರೆಯ ಸುಮಾರಿಗೆ ಮುಳುಗುತ್ತಾನೆ.

ಅಳಿಯ, "ಮಾಮಾ, ರಿಮ್ಮಿನ ಮ್ಯಾಲ ಮೆಲ್ಲಕ ಎಳಕೊಂಡು ಹೋಗೋಣು, ಇಲ್ಲಾ ಟ್ರೇಲರ್ ಇಲ್ಲೇ ಬಿಟ್ಟು ಜೀಪಿನ್ಯಾಗ ಅವ್ವನ್ನ ವಿಜಾಪುರಕ್ಕ ಮುಟ್ಟಿಸ್ತೀನಿ," ಎಂದ. ಜೀಪು ಎಷ್ಟು ಜೋರಾಗಿ ಓಡಿದರೂ ಅಲ್ಲಿ ಮುಟ್ಟಿ, ದರ್ಶನ ಮಾಡಿ, ಅಡಿಗೆಯಾಗುವಷ್ಟರಲ್ಲಿ ಕತ್ತಲಾಗುವುದು ಖಂಡಿತ. ಬೆಳಿಗ್ಗೆಯಿಂದ ನೀರನ್ನೂ ಮುಟ್ಟದ ಮುದುಕಿ ಮರುದಿನದವರೆಗೆ ಉಪವಾಸ ಉಳಿದರೆ ಗತಿಯೇನು? ನಾವು, "ಮೊದಲು ಅಕ್ಕನ ಊಟ, ಆಮೇಲೆ ಗಾಲಿ," ಎಂದು ತೀರ್ಮಾನಿಸಿದೆವು. ಅಕ್ಕ ಒಪ್ಪಲಿಲ್ಲ. "ದರ್ಶನ ಇಲ್ಲದ ಹ್ಯಾಂಗ ಉಣ್ಣಲಿ?" ಎಂದಳು. ನಮ್ಮ ಮನೆಯವರು, "ಮುಂಜಾನೆ ಗೊಮ್ಮಟಸ್ವಾಮಿಗೆ ಕೈಮುಗಿದು ಬಂದೀರಿ ವೈನೀ, ಇವತ್ತಿನ ದರ್ಶನ ಆಗೇತಿ," ಎಂದು ತಿಳಿಹೇಳಿದರು. ಅದಕ್ಕೆ ಅವಳಲ್ಲಿ ಉತ್ತರವಿರಲಿಲ್ಲ.

ರಸ್ತೆಯಿಂದ ಸ್ವಲ್ಪ ಒಳಗೆ ಒಂದು ತೋಟದ ಮನೆ, ಅದರ ಮುಂದೆ ಬೇವಿನ ಮರ. ನಮ್ಮ ಕ್ಯಾನಿನ ನೀರು ಖಾಲಿಯಾಗುತ್ತ ಬಂದಿತ್ತು. ಆ ಮನೆಯ ಹೆಣ್ಣುಮಗಳು ಬಾವಿಯಿಂದ ಎರಡು ಕೊಡ ಸೇದಿ ಕೊಟ್ಟಳು. ನಾವು ಇಮ್ಮಡಿ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದುದನ್ನು ಮರಳಿ ಬಾವಿಯ ನೀರಿಗೇ ಬಿಡುವುದನ್ನು ಅವಳು ಸುಮ್ಮನೆ ನಿಂತು ನೋಡಿದಳು. ಸ್ಟೋವ್ ಹೊತ್ತಿತು, ಕುಕ್ಕರಿನಲ್ಲಿ ಅಕ್ಕಿ ಬೇಳೆ ಕೂಡಿಸಿ ಇಟ್ಟೆವು. ಅಕ್ಕ ಊಟ ಮುಗಿಸಿ, ಗುಳಿಗೆ ನುಂಗಿ, ಬಾಯಿ ಮುಕ್ಕಳಿಸಿದಾಗ ಆರು ದಾಟಿ ಐದು ನಿಮಿಷ. ಬಿಸಿಲು ಇನ್ನೂ ಮರದ ತುದಿಯಲ್ಲಿತ್ತು.

ಅಡಿಗೆ ನಡೆಯುತ್ತಿದ್ದಾಗಲೇ ನಾವೂ ಅಳಿಯನೂ ಹರಿದ ಗಾಲಿ ಬಿಚ್ಚಿ, ಹಿಂದೆ ಕಂಡಿದ್ದ ಪಂಕ್ಚರ್ ಅಂಗಡಿಗೆ ಜೀಪಿನಲ್ಲಿ ಒಯ್ದೆವು. ತಗಡಿನ ಗುಡಿಸಲು. ಗಾಳಿ ತುಂಬುವ ಯಂತ್ರ, ನೀರಿನ ತೊಟ್ಟಿ, ನಮ್ಮ ವಯಸ್ಸಿನವನೇ ಆದ ಒಬ್ಬ ಮನುಷ್ಯ. ಅವನು ಟೈರನ್ನು ಮುಟ್ಟುವ ಮೊದಲೇ ಅದರ ಪಕ್ಕೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಏನನ್ನೋ ಓದಿದ.

"ಸಾವಕಾರ್ರ, ಇದು ಸವದಿಲ್ಲ. ಆದ್ರ ವಯಸ್ಸಾಗೇತಿ," ಎಂದ.

ಟೈರಿನ ಪಕ್ಕೆಯಲ್ಲಿ ಸಣ್ಣ ಚೌಕಟ್ಟಿನೊಳಗೆ ನಾಲ್ಕು ಅಂಕಿ ಒತ್ತಿರುತ್ತಾರೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ನಮ್ಮದರ ಮೇಲೆ 3108 ಎಂದಿತ್ತು, ಅಂದರೆ 2008ನೇ ಇಸವಿಯ 31ನೇ ವಾರದಲ್ಲಿ ತಯಾರಾದದ್ದು. ನಾವು ಈ ಜೋಡಿಯನ್ನು ಹೊಸದೆಂದು ಬಿಲ್ಲು ಪಡೆದು ಕೊಂಡದ್ದು 2014ರಲ್ಲಿ! ಕಪ್ಪು ಎಣ್ಣೆ ಹಚ್ಚಿ ಮಿರಿಮಿರಿ ಮಾಡಿ ಕೊಟ್ಟಿದ್ದರು. ಆರು ವರ್ಷ ಯಾವ ಮಾಳಿಗೆಯಲ್ಲಿ ಬಿದ್ದಿದ್ದವೋ. ಮಾರಿದವರ ಹೆಸರು ಇಲ್ಲಿ ಬೇಡ. ಆದರೆ ವ್ಯಾಪಾರಸ್ಥ ಬಂಧುಗಳಿಗೆ ಒಂದು ಮಾತು. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರ ಎಂಬುದೊಂದಿದೆ, ಒಂದನ್ನು ತೋರಿಸಿ ಇನ್ನೊಂದನ್ನು ಕೊಡುವುದು. ಹಾಲಿಗೆ ನೀರು, ತುಪ್ಪಕ್ಕೆ ಡಾಲ್ಡಾ ಎಂಬ ಉದಾಹರಣೆಗಳನ್ನೇ ನಾವು ಕೇಳುತ್ತ ಬಂದಿದ್ದೇವೆ. ಹಳೆಯ ಟೈರಿಗೆ ಹೊಳಪು ಹಚ್ಚಿ ಹೊಸದೆಂದು ಕೊಡುವುದೂ ಅದೇ ಸಾಲಿಗೆ ಸೇರುತ್ತದೆಂದು ನಮ್ಮ ಅಭಿಪ್ರಾಯ. ನೀರು ಬೆರೆಸಿದ ಹಾಲಿನಿಂದ ಯಾರೂ ಹೆದ್ದಾರಿಯಲ್ಲಿ ಲಾರಿಯ ಕೆಳಗೆ ಹೋಗುವುದಿಲ್ಲ.

ಆ ಮನುಷ್ಯ ಹೇಳಿದ್ದನ್ನು ನಮ್ಮ ಭಾಷೆಯಲ್ಲಿ ಹೇಳುವುದಾದರೆ, ರಬ್ಬರು ಮಡಿಕೆ ಹಾಕಿಟ್ಟ ಸೀರೆಯಂತೆ. ಉಡದಿದ್ದರೂ ಮಡಿಕೆಯಲ್ಲಿ ಜೀರ್ಣವಾಗುತ್ತದೆ. ಟ್ರೇಲರ್ ವಾರಕ್ಕೊಮ್ಮೆ ಸಂತೆಗೆ ಹೋಗುತ್ತದೆ, ಉಳಿದ ದಿನ ಬಿಸಿಲಿನಲ್ಲಿ ಒಂದೇ ಜಾಗದ ಮೇಲೆ ಭಾರ ಹೊತ್ತು ನಿಂತಿರುತ್ತದೆ. ಹಲ್ಲು ಸವೆಯುವುದಿಲ್ಲ, ಒಳಗೆ ಬಿರುಕು ಬಿಡುತ್ತದೆ. ಸಂತೆಯ ಹತ್ತಿಪ್ಪತ್ತು ಮೈಲಿಗೆ ಅದು ತಡೆದುಕೊಳ್ಳುತ್ತದೆ. ಇಡೀ ದಿನ ಕಾದ ಡಾಂಬರಿನ ಮೇಲೆ ಓಡಿದಾಗ ಸೋಲುತ್ತದೆ. ಗಾಳಿ ಕಡಿಮೆಯಿದ್ದರೆ ಪಕ್ಕೆ ಮಡಚಿ ಮಡಚಿ ಇನ್ನೂ ಕಾಯುತ್ತದೆ. ಅದಕ್ಕೇ ಗಾಳಿಯನ್ನು ಬೆಳಿಗ್ಗೆ, ಗಾಲಿ ತಣ್ಣಗಿರುವಾಗ ನೋಡಿಸಬೇಕು ಎಂದ. ಜೋಡಿ ಒಂದೇ ವಯಸ್ಸಿನದಾದರೆ ಒಂದು ಹೋದ ಹಿಂದೆಯೇ ಇನ್ನೊಂದು ಹೋಗುವುದು ಸಹಜವಂತೆ.

ಅವನ ಬಳಿ ಜೀಪಿನ ಟೈರ್ ಇರಲಿಲ್ಲ. ನಮ್ಮ ಅಳತೆ 6.00-16. ಅದೇ ಅಳತೆಯ ಒಂದು ಟ್ರ್ಯಾಕ್ಟರಿನ ಮುಂಗಾಲಿಯ ಟೈರ್ ಇತ್ತು. "ರಿಮ್ಮಿಗೆ ಕೂಡತೈತಿ. ಆದ್ರ ಇದು ಹೊಲದಾಗ ನಡಿಯೂದು, ಹೈವೇದಾಗ ಓಡೂದಲ್ಲ. ಮೂವತ್ತರ ಮ್ಯಾಲ ಹೋಗಬ್ಯಾಡ್ರಿ. ನಾಳಿ ವಿಜಾಪುರದಾಗ ಬಿಚ್ಚಿಸಿಬಿಡ್ರಿ," ಎಂದು ಮೂರು ಸಲ ಹೇಳಿದ. ಬೆಲೆಯನ್ನೂ ನ್ಯಾಯವಾಗಿಯೇ ಹೇಳಿದ, ನಾವು ಚೌಕಾಶಿ ಮಾಡಲಿಲ್ಲ. ಟ್ರೇಲರಿನ ಬಳಿಗೆ ತಾನೇ ಬಂದು, ಗಾಲಿ ಕೂರಿಸಿ, ಹಬ್ಬಿನ ಮೇಲೆ ಅಂಗೈ ಇಟ್ಟು ನೋಡಿದ. ಬೆಚ್ಚಗಿದ್ದರೆ ಚಿಂತೆಯಿಲ್ಲ, ಕೈ ಸುಡುವಂತಿದ್ದರೆ ಬೇರಿಂಗಿನ ಗ್ರೀಸು ಹೋಗಿದೆ ಎಂದರ್ಥ. ಹಿಂದುಗಡೆ ಹೇರಿದ್ದ ಹಿಟ್ಟಿನ ಚೀಲಗಳನ್ನು ಮುಂದಕ್ಕೆ ಸರಿಸಲು ಹೇಳಿದವನೂ ಅವನೇ. ಭಾರ ಅಚ್ಚಿನಿಂದ ಸ್ವಲ್ಪ ಮುಂದಿರಬೇಕು, ಬಾಲದ ಕಡೆ ಹೆಚ್ಚಾದರೆ ಟ್ರೇಲರ್ ಹಾವಿನಂತೆ ಆಡುತ್ತದೆ. ಅವನು ಶಾಲೆ ಎಷ್ಟು ಕಲಿತಿದ್ದನೋ ಕೇಳಲಿಲ್ಲ. ಮ್ಯಾಟ್ರಿಕ್ ಪಾಸಾದ ನಮಗೆ ಅಂದು ಪಾಠವಾಯಿತು.

ಕತ್ತಲಲ್ಲಿ ಕೃಷ್ಣೆಯ ನೀರು ಒಂದೆಡೆ ಮಿನುಗಿದ್ದು ಬಿಟ್ಟರೆ ಆಲಮಟ್ಟಿಯ ಕಡೆಯ ಯಾವ ನೋಟವೂ ನಮಗೆ ದಕ್ಕಲಿಲ್ಲ. ಮೂವತ್ತರ ಮೇಲೆ ಮುಳ್ಳು ಏರದಂತೆ ನೋಡುತ್ತ, ಹಿಂದೆ ಕೆಂಪು ಬಟ್ಟೆ, ಟಾರ್ಚು ಕಟ್ಟಿಕೊಂಡು, ವಿಜಯಪುರದ ಧರ್ಮಶಾಲೆ ಸೇರಿದಾಗ ರಾತ್ರಿ ಹತ್ತು ಸಮೀಪಿಸಿತ್ತು.

ಅಂದು ನಿದ್ದೆ ಬಾರದೆ ಮಲಗಿದ್ದಾಗ ವಾಲಚಂದ ಹೀರಾಚಂದರು ನೆನಪಾದರು. 1882ರಲ್ಲಿ ಸೊಲ್ಲಾಪುರದ ಜೈನ ವ್ಯಾಪಾರಿ ಮನೆತನದಲ್ಲಿ ಹುಟ್ಟಿದವರು. 1940ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಸರ್ಕಾರದ ಜೊತೆಗೂಡಿ ವಿಮಾನದ ಕಾರ್ಖಾನೆ ತೆರೆದರು, 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪಿಸಿದರು. ನಮ್ಮ ಜಿಲ್ಲೆಯವರೊಬ್ಬರು ಮೋಟಾರು, ವಿಮಾನಗಳನ್ನೇ ಮಾಡಿಸಿದ್ದಾರೆ, ನಮ್ಮಲ್ಲಿ ಟೈರಿನ ಮೇಲಿನ ನಾಲ್ಕು ಅಂಕಿ ಓದಬಲ್ಲವರು ಎಷ್ಟು ಮಂದಿ ಎಂದು ಯೋಚನೆ ಬಂತು.

ಸೋಮವಾರ ಬೆಳಿಗ್ಗೆ ಅಕ್ಕ ಪಾರ್ಶ್ವನಾಥನ ಅಭಿಷೇಕ ನೋಡುತ್ತ ಕುಳಿತಳು, ನಾವು ಟೈರ್ ಅಂಗಡಿಯ ಕಟ್ಟೆಯ ಮೇಲೆ ಕುಳಿತೆವು. ಮೊದಲ ಅಂಗಡಿಯಲ್ಲಿ ತೋರಿಸಿದವು ಮೂರು ವರ್ಷ ಹಳೆಯವು. ಅಂಕಿ ಓದಿ ಹೇಳಿದಾಗ ಅಂಗಡಿಯ ಹುಡುಗ ನಮ್ಮ ಮುಖ ನೋಡಿ ಸುಮ್ಮನೆ ಒಳಗಿಟ್ಟ. ಎರಡನೆಯ ಅಂಗಡಿಯಲ್ಲಿ ಅದೇ ವರ್ಷದವು ಸಿಕ್ಕವು. ಮೂರು ಟೈರು, ಮೂರು ಟ್ಯೂಬು ಕೊಂಡೆವು, ಒಂದು ಹೆಚ್ಚಿನ ಗಾಲಿಗೆ. ಎತ್ತರದ ಜಾಕೂ ಒಂದು, ಅದರ ಕೆಳಗಿಡಲು ಸಾಗವಾನಿ ಹಲಗೆಯ ತುಂಡೂ ಒಂದು. ಟ್ರ್ಯಾಕ್ಟರಿನ ಟೈರನ್ನು ಊರಲ್ಲಿ ಭಾವನವರ ಟ್ರ್ಯಾಕ್ಟರಿಗೆ ಕೊಟ್ಟೆವು, ಅದು ತನ್ನ ಜಾಗಕ್ಕೆ ಸೇರಿತು.

ಹೊರ್ತಿ, ಝಳಕಿ, ಧೂಳಖೇಡ ದಾಟಿ ಭೀಮೆಯ ಸೇತುವೆಗೆ ಬಂದಾಗ ಇಳಿದು ನಾಲ್ಕು ಸಲ ಹಬ್ಬು ಮುಟ್ಟಿ ನೋಡಿದ್ದೆವು. ಸೊಲ್ಲಾಪುರ, ವಳಸಂಗ, ಅಕ್ಕಲಕೋಟೆ, ಕುರನೂರ. ಅಕ್ಕ ಮನೆಯ ಹೊಸ್ತಿಲಲ್ಲಿ ಕಾಲು ತೊಳೆದು, ದೇವರ ಮುಂದೆ ನಿಯಮ ಒಪ್ಪಿಸಿ, ನಾಲ್ಕು ಗಂಟೆಗೆ ಊಟಕ್ಕೆ ಕುಳಿತಳು.

ಟ್ರೇಲರ್ ಈಗ ನೆರಳಿನಲ್ಲಿ, ಅಚ್ಚಿನ ಕೆಳಗೆ ಎರಡು ಮರದ ದಿಮ್ಮಿಯ ಮೇಲೆ, ಗಾಲಿಗಳು ನೆಲಕ್ಕೆ ತಾಗದಂತೆ ನಿಲ್ಲುತ್ತದೆ. ಕೀರ್ದಿಯ ಕೊನೆಯ ಹಾಳೆಯಲ್ಲಿ ಕೊಡುವವರ, ತೆಗೆದುಕೊಂಡವರ ಲೆಕ್ಕದ ಕೆಳಗೆ ಅಂದು ಕೊಂಡ ಟೈರುಗಳ ಅಂಕಿಯನ್ನೂ ಬರೆದಿದ್ದೇವೆ: 0418, 0418, 0518. ಬರೆದದ್ದು ಮಾತ್ರ ಕನ್ನಡದಲ್ಲಿ.