ದೇವರಮನೆಯ ಗುಡ್ಡದಲ್ಲಿ ಒಂದು ಹಲ್ಲಿನ ವಿಚಾರ

ಮಾರ್ಗಶಿರದ ಒಂದು ಬೆಳಗ್ಗೆ ನಾವು ಮೂಡಿಗೆರೆಯಿಂದ ದೇವರಮನೆಗೆ ಹೊರಟೆವು. ದಾರಿಯ ಇಕ್ಕೆಲಗಳಲ್ಲಿಯೂ ಕಾಫಿಯ ತೋಟಗಳು. ಕೆಂಪಗೆ ಮಾಗಿದ ಹಣ್ಣುಗಳನ್ನು ಆಳುಗಳು ಬಿಡಿಸುತ್ತಿದ್ದರು. ತೋಟಗಳು ಮುಗಿದು ಹುಲ್ಲಿನ ಗುಡ್ಡಗಳು ತೊಡಗಿದೊಡನೆ ಗಾಳಿಯ ಬಗೆಯೇ ಬೇರೆಯಾಯಿತು. ಕಾಲಭೈರವೇಶ್ವರನ ಹಳೆಯ ಗುಡಿ, ಸಮೀಪದಲ್ಲಿ ಕೊಳ, ಕಣಿವೆಗಳಲ್ಲಿ ದಟ್ಟವಾದ ಕಾಡು. ಇಷ್ಟರಿಂದಲೇ ಮನಸ್ಸು ತುಂಬುವುದು.

ನಮ್ಮೊಡನೆ ತಂಗಿಯ ಮಗನೂ ಬಂದಿದ್ದನು. ಹನ್ನೆರಡು ವರ್ಷದ ಹುಡುಗ. ಅವನ ಜೇಬಿನಲ್ಲಿ ಶಾರ್ಕ್ ಮೀನಿನದೊಂದು ಹಲ್ಲು, ಕಲ್ಲಾಗಿ ಉಳಿದ ಪಳೆಯುಳಿಕೆ. ಹಿಂದೊಮ್ಮೆ ಮಿತ್ರರೊಬ್ಬರು ತಮಿಳುನಾಡಿನ ಪೆರಂಬಲೂರು ಜಿಲ್ಲೆಯ ಕಾರೈ ಗ್ರಾಮದ ಕಡೆಯಿಂದ ಅದನ್ನು ತಂದಿತ್ತಿದ್ದರು. ಸುಮಾರು 10 ಕೋಟಿ ವರ್ಷಗಳ ಹಿಂದೆ ಆ ಸೀಮೆ ಸಮುದ್ರದ ತಳವಾಗಿದ್ದಿತು.

ದೇವರ ದರ್ಶನವಾದ ಬಳಿಕ ಗುಡ್ಡವನ್ನು ಏರುತ್ತಿರಲು, ಹುಡುಗನು ಮೊನಚಾದ ಬಿಳಿಯ ಚೂರೊಂದನ್ನು ಹಿಡಿದು ಓಡಿಬಂದನು.

“ಮಾವ, ಇಲ್ಲಿಯೂ ಒಂದು ಹಲ್ಲು ಸಿಕ್ಕಿತು!”

ನಾವು ಎರಡನ್ನೂ ಅಂಗೈಯಲ್ಲಿಟ್ಟು ನೋಡಿದೆವು. ನಿಜವಾದ ಹಲ್ಲಿನಲ್ಲಿ ಎರಡು ಭಾಗಗಳು ಸ್ಪಷ್ಟವಾಗಿರುತ್ತವೆ. ಮೇಲಿನದು ನುಣುಪಾಗಿ ಹೊಳೆಯುವ ಅಲಗು. ಕೆಳಗಿನದು ಮಂಕಾದ, ಒರಟಾದ ಬೇರು. ಅಲಗಿನ ಒಂದು ಮುಖ ಹೆಚ್ಚು ಚಪ್ಪಟೆ, ಇನ್ನೊಂದು ಉಬ್ಬು. ಕೆಲವು ಜಾತಿಗಳಲ್ಲಿ ಅಂಚು ಗರಗಸದಂತಿರುವುದು; ಕೆಲವುಗಳಲ್ಲಿ ಅಲಗು ದಬ್ಬಳದಂತೆ ಸಪೂರ. ಚಿಪ್ಪುಗಳನ್ನು ಅರೆದು ತಿನ್ನುತ್ತಿದ್ದ ಪ್ಟೈಕೋಡಸ್ ಎಂಬ ಲುಪ್ತಜಾತಿಯ ಹಲ್ಲಂತೂ ಮೊನೆಯಿಲ್ಲದೆ, ಗೀರುಗಳುಳ್ಳ ಬಿಲ್ಲೆಯಂತಿದೆ. ಒಂದೇ ಬಾಯಿಯಲ್ಲಿ ಮುಂದಿನ ಹಲ್ಲಿಗೂ ಪಕ್ಕದ ಹಲ್ಲಿಗೂ ಆಕಾರಭೇದವಿರುವುದರಿಂದ, ಬಿಡಿ ಹಲ್ಲೊಂದರಿಂದಲೇ ಜಾತಿಯನ್ನು ನಿರ್ಣಯಿಸುವುದು ಬಲ್ಲವರಿಗೂ ಕಷ್ಟವೇ. ಹುಡುಗನ ಬಿಳಿಯ ಚೂರಿನಲ್ಲಿ ಅಲಗೂ ಇಲ್ಲ, ಬೇರೂ ಇಲ್ಲ. ಹೊರಗೂ ಒಳಗೂ ಒಂದೇ ಗಾಜಿನಂಥ ಹೊಳಪು. ಅದು ಬೆಣಚುಕಲ್ಲು.

ಅವನ ಮುಖ ಬಾಡಿತು. “ಹಿಮಾಲಯದ ಮೇಲೆಯೇ ಕಡಲ ಜೀವಿಗಳ ಗುರುತು ಸಿಕ್ಕುವಾಗ, ಇಲ್ಲಿ ಏಕೆ ಸಿಕ್ಕಬಾರದು?” ಎಂದನು.

ಪ್ರಶ್ನೆ ಸೊಗಸಾಗಿದ್ದಿತು. ಅಡ್ಡಿ ಎತ್ತರದ್ದಲ್ಲ, ವಯಸ್ಸಿನದು. ನಮ್ಮ ನಾಡಿನಲ್ಲಿಯೂ ನೀರು ತುಂಬಿದ್ದ ಕಾಲವುಂಟು. ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿ ನೀರಿನೊಳಗೆ ಉಕ್ಕಿ ಆರಿದ ಲಾವಾರಸವು ದಿಂಬುಗಳಂತೆ ನಿಂತಿದೆ. ಆದರೆ ಅದೂ ಈ ಮಲೆನಾಡಿನ ಮೂಲಶಿಲೆಗಳೂ 250 ಕೋಟಿ ವರ್ಷಗಳಷ್ಟು, ಕೆಲವು ಅದಕ್ಕೂ ಹೆಚ್ಚು, ಹಳೆಯವು. ಶಾರ್ಕುಗಳು ತೋರಿಕೊಂಡುದು 40 ಕೋಟಿ ವರ್ಷಗಳಿಂದೀಚೆಗೆ, ಅಥವಾ ಅದಕ್ಕಿಂತ ತುಸು ಮೊದಲು. ಈ ಬಂಡೆಗಳು ಹುಟ್ಟಿದಾಗ ಲೋಕದಲ್ಲಿ ಹಲ್ಲೆಂಬುದೇ ಇರಲಿಲ್ಲ.

ಹಿಂದೆ ಪಂಡಿತರೂ ಮೋಸಹೋಗಿದ್ದರು. ಯುರೋಪಿನಲ್ಲಿ ಇಂಥ ಹಲ್ಲುಗಳನ್ನು ಕಲ್ಲಾದ ಹಾವಿನ ನಾಲಗೆಗಳೆಂದು ಬಹುಕಾಲ ನಂಬಿದ್ದರು. 1666ರಲ್ಲಿ ಇಟಲಿಯ ಕಡಲಲ್ಲಿ ಸಿಕ್ಕಿದ ದೊಡ್ಡ ಶಾರ್ಕೊಂದರ ತಲೆಯನ್ನು ಫ್ಲಾರೆನ್ಸಿನಲ್ಲಿ ಕೊಯ್ದು ನೋಡಿದ ಸ್ಟೆನೋ ಎಂಬ ವೈದ್ಯನು, ಅದರ ಹಲ್ಲನ್ನೂ ಆ “ನಾಲಗೆ”ಗಳನ್ನೂ ಹೋಲಿಸಿ ಮರುವರ್ಷ ತನ್ನ ವಿಚಾರವನ್ನು ಪ್ರಕಟಿಸಿದನು. ಶಾರ್ಕಿನ ಅಸ್ಥಿಪಂಜರ ಮೃದ್ವಸ್ಥಿಯದಾದುದರಿಂದ ಬೇಗನೆ ಕರಗುವುದು. ಹಲ್ಲುಗಳಾದರೋ ಆಯುಷ್ಯವೆಲ್ಲ ಉದುರಿ ಹೊಸವು ಮೂಡುತ್ತಲೇ ಇರುವುವು. ಆದುದರಿಂದಲೇ ಹಲ್ಲುಗಳು ಇಷ್ಟೊಂದು ಉಳಿದಿವೆ.

ಇಳಿಯುವಾಗ ಹುಡುಗನು ಮೆಲ್ಲನೆ, “ಜೇಬಿನ ಹಲ್ಲನ್ನೇ ದೇವರಮನೆಯಲ್ಲಿ ಸಿಕ್ಕಿತೆಂದು ಶಾಲೆಯಲ್ಲಿ ಹೇಳಿದರೆ ಯಾರಿಗೆ ಗೊತ್ತಾದೀತು?” ಎಂದನು.

“ಹಲ್ಲಿಗೆ ಬಾಯಿಲ್ಲ, ಮಗು. ತಾನು ಎಲ್ಲಿಯದೆಂಬುದನ್ನು ಅದು ನಮ್ಮ ಬಾಯಿಂದಲೇ ಹೇಳಿಸಬೇಕು. ಊರು ತಪ್ಪಿದರೆ ಅದರ ಕಥೆಯೇ ಸುಳ್ಳಾಗುವುದು” ಎಂದೆವು.

ಅವನು ಮರುಮಾತಾಡಲಿಲ್ಲ. ಆ ರಾತ್ರಿ ಮನೆಯಲ್ಲಿ ಎರಡು ಪೊಟ್ಟಣಗಳನ್ನು ಕಂಡೆವು. ಒಂದರ ಮೇಲೆ “ಶಾರ್ಕ್ ಹಲ್ಲು, ಕಾರೈ” ಎಂದಿದ್ದಿತು. ಇನ್ನೊಂದರ ಮೇಲೆ, ತುಸು ದೊಡ್ಡ ಅಕ್ಷರಗಳಲ್ಲಿ: “ಬೆಣಚುಕಲ್ಲು, ದೇವರಮನೆ. ಹಲ್ಲಿಗಿಂತ ಹಳೆಯದು.”